ಸ್ಪೀಕರ್ ಡಬ್ಬಿ ಪಕ್ಕದ ಬೀಗರು

ನಮ್ಮ ಬೀಗರು ಕಳ್ಳರು. ಹೀಗೆ ಬರೆದರೆ ಬೀಗತನದ ಗತಿಯೇನು ಎಂದು ನೀವು ಗಾಬರಿಯಾಗಬಹುದು. ಆಗಬೇಡಿ. ಈ ಮಾತನ್ನು ಅವರ ಎದುರಿಗೇ ಹೇಳಿದ್ದೇನೆ. ಅವರು ನಕ್ಕು, ಇನ್ನೊಂದು ಮೆಣಸಿನಕಾಯಿ ಬಜ್ಜಿ ನನ್ನ ತಟ್ಟೆಗೆ ಹಾಕಿದ್ದಾರೆ. ಕದ್ದದ್ದು ಒಡವೆ ವಸ್ತುವಾಗಿದ್ದರೆ ಪೊಲೀಸ್ ಸ್ಟೇಷನ್ನಿಗಾದರೂ ಹೋಗಬಹುದಿತ್ತು. ಅವರು ಕದ್ದದ್ದು ನನ್ನ ಮೊಮ್ಮಗಳನ್ನು! ಅದೂ ಹಾಡಹಗಲೇ, ತುಂಬಿದ ಸಭೆಯಲ್ಲಿ, ಮೈಕಿನ ಮುಂದೆ.

ಪೂರ್ವಾಪರ ಹೇಳಿಬಿಡುತ್ತೇನೆ. ನಾನು ದಾವಣಗೆರೆಯವನು. ಬಟ್ಟೆ ಅಂಗಡಿ ನಡೆಸಿ, ಅದನ್ನು ತಮ್ಮನ ಕೈಗೆ ಒಪ್ಪಿಸಿ ಈಗ ಮನೆಯಲ್ಲಿದ್ದೇನೆ. ಒಬ್ಬಳೇ ಮಗಳನ್ನು ಹರಿಹರದ ಮನೆತನಕ್ಕೆ ಕೊಟ್ಟಿದ್ದೇವೆ. ಅಳಿಯನಿಗೂ ಅವಳಿಗೂ ಕೆಲಸ ದಾವಣಗೆರೆಯಲ್ಲೇ ಆದ್ದರಿಂದ ನಮ್ಮ ಹಿಂದಿನ ರಸ್ತೆಯಲ್ಲೇ ಮನೆ ಮಾಡಿಕೊಂಡಿದ್ದಾರೆ. ಅವರಿಗೊಂದು ಕೂಸು, ಪುಟ್ಟಿ. ಇನ್ನೂ ಎರಡು ವರ್ಷ ತುಂಬಿಲ್ಲ. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ದಿನವಿಡೀ ಅವಳನ್ನು ನೋಡಿಕೊಳ್ಳುವವರು ನಾನು ಮತ್ತು ನನ್ನ ಹೆಂಡತಿ. ಅನ್ನ ಕಲಸಿ ತಿನ್ನಿಸುವವನು ನಾನು, ಚಡ್ಡಿ ಬದಲಿಸುವವನು ನಾನು, ಆನೆಯಾಗಿ ಪಡಸಾಲೆ ತುಂಬ ಅಂಬೆಗಾಲಿಡುವವನು ನಾನು. ಆಮೇಲೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವವನೂ ನಾನೇ.

ಬೀಗರು ಏನು ಮಾಡುತ್ತಾರೆ? ಹರಿಹರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದವರು. ಈಗ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟು ನನ್ನ ಹಾಗೆಯೇ ಖಾಲಿ ಕೂತಿದ್ದಾರೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಾರೆ. ಅವರ ಗಿರಣಿ ಗಂಟಲು ರಸ್ತೆಯ ತಿರುವಿನಲ್ಲಿ ಕೇಳಿಸಿದ್ದೇ ತಡ, ನನ್ನ ತೊಡೆಯ ಮೇಲೆ ಕೂತ ಪುಟ್ಟಿ ಬಾಯಲ್ಲಿದ್ದ ಅನ್ನವನ್ನು ನನ್ನ ಅಂಗಿಗೆ ಒರೆಸಿ, ಜಾರಿ ಇಳಿದು, "ಡುಂ ಅಜ್ಜ! ಡುಂ ಅಜ್ಜ!" ಎಂದು ಬಾಗಿಲಿಗೆ ಓಡುತ್ತಾಳೆ. ಡೋಲು, ಬ್ಯಾಂಡು, ತಬಲ ಎಲ್ಲಿದ್ದರೂ ಅಲ್ಲಿಗೆ ಕರೆದುಕೊಂಡು ಹೋಗುವ ಅಜ್ಜ, ಆದ್ದರಿಂದ ಡುಂ ಅಜ್ಜ. ಅವರಿಗೆ ಬಿರುದು ಬೇರೆ! ನನಗೆ? ನನಗೆ ಹೆಸರೇ ಇಲ್ಲ. ಅಜ್ಜಿ ಅನ್ನುತ್ತಾಳೆ, ಹಾಲಿನವನನ್ನು ಕರೆಯುತ್ತಾಳೆ, ಬೀದಿನಾಯಿಗೆ ಕೂಡ ಅವಳಲ್ಲೊಂದು ಹೆಸರಿದೆ. ನನ್ನಿಂದ ಏನಾದರೂ ಆಗಬೇಕಿದ್ದರೆ ಅಂಗಿಯ ಚುಂಗು ಹಿಡಿದು ಜಗ್ಗುತ್ತಾಳೆ, ಅಷ್ಟೆ.

ಒಂದೇ ಒಂದು ಸಲ ಅವಳ ಬಾಯಿಂದ "ಅಜ್ಜ" ಅನ್ನಿಸಬೇಕೆಂದು ನಾನು ಪಟ್ಟ ಪಾಡು ನನಗೇ ಗೊತ್ತು. ಒಂದು ದಿನ ಬೆಳಿಗ್ಗೆ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದೆ. ಅದರ ಗರಿಗರಿ ಅಂಚು ಮುರಿದು ಮುಂದೆ ಹಿಡಿದು, "ಅಜ್ಜ ಅನ್ನು, ಕೊಡ್ತೀನಿ" ಅಂದೆ. ಪುಟ್ಟಿ ದೋಸೆ ನೋಡಿದಳು. ನನ್ನನ್ನು ನೋಡಿದಳು. "ಡುಂ ಅಜ್ಜ ಎಲ್ಲಿ?" ಅಂದಳು. ದೋಸೆ ನಾನೇ ತಿಂದೆ.

ಹೋಗಲಿ, ಅಷ್ಟು ಮೆಚ್ಚುವಂಥ ಮನುಷ್ಯರೇ ಅಂದರೆ ಅದೂ ಅಲ್ಲ! ಫೋನ್ ಮಾಡಿದರೆ ಬಸ್ಸಿನಲ್ಲಿ ಬಂದು ಉತ್ತರ ಕೊಡುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಹರಿಹರದ ಮನೆಗೆ ಫೋನ್ ಮಾಡಿದರೆ ಎತ್ತುವವರು ಬೀಗತಿ. "ಅವರಿಗೆ ಕೊಡ್ರಿ" ಅಂದರೆ ಹಿಂದಿನಿಂದ ಗರ್ಜನೆ: "ಬಂದು ಮಾತಾಡ್ತೀನಿ ಅನ್ನು!" ಒಂದು ಸಲ ನನಗೆ ಕೇಳಬೇಕಾಗಿದ್ದದ್ದು ಇಷ್ಟೇ, ಮದುವೆಮನೆಯಲ್ಲಿ ಕಳೆದ ನನ್ನ ಛತ್ರಿ ಅವರ ಚೀಲಕ್ಕೆ ಸೇರಿಕೊಂಡಿದೆಯೇ ಅಂತ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಬೀಗರು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಇಲ್ರಿ ಬೀಗರೇ, ನಮ್ಮ ಹತ್ರ ಇಲ್ಲ."

"ಇದನ್ನ ಫೋನಿನಾಗೇ ಹೇಳಿದ್ರೆ ಆಗ್ತಿರಲಿಲ್ವೇನ್ರಿ?"

"ಅದ್ರಾಗ ಮುಖ ಎಲ್ಲಿ ಕಾಣ್ತೈತ್ರಿ? ಮುಖ ಕಾಣದ ಮಾತು ಒಂದು ಮಾತಾ?"

ಬಂದಮೇಲೆ ಊಟ, ಊಟದ ಮೇಲೆ ನಿದ್ದೆ, ನಿದ್ದೆಯಾದ ಮೇಲೆ ಪುಟ್ಟಿಯ ಜತೆ ತಿರುಗಾಟ. ಆ ದಿನ ನನಗೆ ಛತ್ರಿಯೂ ಸಿಗಲಿಲ್ಲ, ಮೊಮ್ಮಗಳೂ ಸಿಗಲಿಲ್ಲ.

ಎದುರಿಗೆ ಕೂತರಾದರೂ ಸುಮ್ಮನಿರುತ್ತಾರೆಯೇ? ನಾನು ಪೇಪರ್ ಓದುತ್ತ ಮಾತಾಡಿದರೆ ಪೇಪರ್ ಕಿತ್ತುಕೊಳ್ಳುತ್ತಾರೆ. ಕಿಟಕಿಯ ಕಡೆ ನೋಡುತ್ತ ಮಾತಾಡಿದರೆ ನನ್ನ ಗದ್ದ ಹಿಡಿದು ತಿರುಗಿಸುವುದೊಂದು ಬಾಕಿ. "ನನ್ನ ಕಡೆ ಮುಖ ಕೊಟ್ಟು ಮಾತಾಡ್ರಿ. ಎಲ್ಲೋ ನೋಡಿ ಮಾತಾಡೋದು ನಿಮ್ಮ ಬಟ್ಟೆ ಅಂಗಡಿಯೋರ ಚಟ!" ಇಡೀ ಜೀವಮಾನ ಗಿರಾಕಿಗಳ ಮುಖ ನೋಡಿ ನೋಡಿ ಸವೆದ ನನಗೆ ಈ ಮಾತು!

ಅವರ ಜತೆ ಪ್ರಯಾಣವಂತೂ ದೇವರಿಗೇ ಪ್ರೀತಿ. ಒಂದು ಸಲ ಎರಡೂ ಮನೆಯವರು ಸೇರಿ ದೇವರ ದರ್ಶನಕ್ಕೆಂದು ಉಕ್ಕಡಗಾತ್ರಿಗೆ ಹೊರಟೆವು. ಅಳಿಯನ ಕಾರಿತ್ತು, ಕಾರಿನಲ್ಲಿ ಏಸಿ ಇತ್ತು, ಪುಟ್ಟಿಗೆಂದು ನಾನು ತಂದ ಮೆತ್ತನೆಯ ದಿಂಬಿತ್ತು. ಹರಿಹರದವರೆಗೆ ಅವಳು ದಿಂಬನ್ನು ಒದ್ದು ಒದ್ದು ಅತ್ತಳು. ಹರಿಹರದಲ್ಲಿ ಬೀಗರು ಕಾಯುತ್ತಿದ್ದರು. ಕಾರಿನೊಳಗೆ ಬಗ್ಗಿ ನೋಡಿ, "ಈ ಗಾಡಿ ಅಲ್ಲಾಡೋದೇ ಇಲ್ಲ, ಕೂಸಿಗೆ ಬ್ಯಾಸರ ಆಗೇತೆ. ನೀವು ಇದ್ರಾಗ ಬರ್ರಿ, ನಾವಿಬ್ರೂ ಬಸ್ಸಿನಾಗ ಬರ್ತೀವಿ" ಎಂದು ಅವಳನ್ನು ಎತ್ತಿಕೊಂಡು ಹೋಗೇಬಿಟ್ಟರು. ಬಸ್ಸಿನಲ್ಲಿ ಅವರಿಗೆ ಒಂದೇ ಜಾಗ ಆಗಬೇಕು, ಡ್ರೈವರ್ ಪಕ್ಕ, ಇಂಜಿನ್ನಿನ ಒತ್ತಿಗೆ. ಊರ ಜನ ಬೇಡವೆಂದು ಬಿಟ್ಟ ಜಾಗ ಅದು! ಏಸಿ ಕಾರಿನಲ್ಲಿ ಬಸ್ಸಿನ ಧೂಳು ಕುಡಿಯುತ್ತ ಹಿಂದೆ ಹಿಂದೆ ಹೋದ ನಾವು ಉಕ್ಕಡಗಾತ್ರಿಯಲ್ಲಿ ಇಳಿದಾಗ, ಪುಟ್ಟಿ ಅವರ ಹೆಗಲ ಮೇಲೆ ಕೂತು "ಗಡಗಡ, ಗಡಗಡ" ಎಂದು ಕೇಕೆ ಹಾಕುತ್ತಿದ್ದಳು.

ವಾಪಸು ಬರುವಾಗ ಛಲಕ್ಕೆ ಬಿದ್ದು ನಾನೂ ಬಸ್ ಹತ್ತಿ ಆ ಜಾಗದಲ್ಲಿ ಕೂತೆ. ಕೆಳಗಿನಿಂದ ಕಾವು, ಮುಂದಿನಿಂದ ಹಾರನ್ನು. ಕಟ್ಟಿಸಿದ ಹಲ್ಲುಗಳು ನನ್ನನ್ನು ಕೇಳದೆ ತಾವಾಗಿಯೇ ಮಾತಾಡತೊಡಗಿದವು. ಪುಟ್ಟಿ ನನ್ನ ಬಾಯಿ ನೋಡಿ ಬಿದ್ದು ಬಿದ್ದು ನಕ್ಕಳು. ಅವಳು ನನ್ನ ಕಡೆ ನೋಡಿ ನಕ್ಕದ್ದು ಅಪರೂಪವಾದ್ದರಿಂದ ಇದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಸಂಗೀತದ ವಿಷಯ. ಯಾಕೆಂದರೆ ನಮ್ಮಿಬ್ಬರಲ್ಲಿ ಸಂಗೀತ ಗೊತ್ತಿರುವವನು ನಾನು! ಹರೆಯದಲ್ಲಿ ಹಾರ್ಮೋನಿಯಂ ಕಲಿತವನು. ಕಚೇರಿಗೆ ಹೋದರೆ ಮೂರನೆಯ ಸಾಲಿನಲ್ಲಿ ಕೂತು, ಕಣ್ಣು ಅರ್ಧ ಮುಚ್ಚಿ, ತೊಡೆಯ ಮೇಲೆ ಬೆರಳಿನಲ್ಲಷ್ಟೇ ತಾಳ ಹಾಕುವವನು. ರಸಿಕರು ಕೂರುವುದೇ ಹಾಗೆ. ಬೀಗರಿಗೆ ಇಂಥದ್ದೇ ಆಗಬೇಕೆಂದಿಲ್ಲ. ವಚನ ಗಾಯನ ಆಗಬಹುದು, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಆಗಬಹುದು, ಯಾರದೋ ಮದುವೆಯ ಬ್ಯಾಂಡಾದರೂ ಸೈ. ಮಗುವನ್ನು ಎತ್ತಿಕೊಂಡು ನೇರವಾಗಿ ಎಲ್ಲರ ಮುಂದೆ ಹೋಗಿ, ಸ್ಪೀಕರ್ ಡಬ್ಬಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಒಂದು ಕೈ ಡಬ್ಬಿಯ ಮೇಲಿಟ್ಟು ಕೂತುಬಿಡುತ್ತಾರೆ. ಕೂಸಿನ ಕಿವಿ ಹೋದೀತು ಎಂದು ನನ್ನ ಮಗಳು ಗದ್ದಲ ಮಾಡಿ ಪುಟ್ಟಿಗೆ ದಪ್ಪನೆಯ ಕಿವಿಮುಚ್ಚುಕ ತಂದುಕೊಟ್ಟಳು. ಈಗ ಅದನ್ನು ಹಾಕಿಕೊಂಡು ಪೈಲಟ್ಟಿನ ಠೀವಿಯಲ್ಲಿ ಕೂರುತ್ತಾಳೆ. ಬೀಗರಿಗೆ ಅದೂ ಇಲ್ಲ.

ರಸಿಕತನವೋ, ಕೇಳಲೇಬೇಡಿ. ಒಮ್ಮೆ ಗಾಯಕರು ಇನ್ನೂ ವೇದಿಕೆಗೆ ಬಂದಿರಲಿಲ್ಲ. ಮೈಕಿನ ಹುಡುಗ "ಹಲೋ, ಹಲೋ, ಚೆಕ್" ಅಂದ. ನಮ್ಮ ಬೀಗರು "ವ್ಹಾ!" ಅಂದರು. ಇನ್ನೊಮ್ಮೆ ಗಾಯಕಿ ಹಾಡಿನ ನಡುವೆ ನಿಲ್ಲಿಸಿ ನೀರು ಕುಡಿಯುತ್ತಿದ್ದರು. ಅದೇ ಹೊತ್ತಿಗೆ ಬಲೂನಿನವನು ಹಾದುಹೋದ. ಪುಟ್ಟಿ ತೊಡೆಯ ಮೇಲೆ ಕುಣಿದಾಡಿಬಿಟ್ಟಳು. ಬೀಗರು ತಲೆ ಕೊಡವಿ, "ಶಭಾಷ್! ಏನ್ ಹಾಡ್ತಾರ್ರಿ!" ಎಂದು ಕೂಗಿದರು. ಗಾಯಕಿಗೆ ನೀರು ನೆತ್ತಿಗೇರಿತು. ನಾನು ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ, ಪಕ್ಕದವರು ಕೇಳಿದಾಗ, "ಅವರಾ? ನನಗೆ ಪರಿಚಯ ಇಲ್ರಿ" ಅಂದೆ. ಇಂಥವರ ತೊಡೆಯ ಮೇಲೆ ಆ ಹುಡುಗಿ ಇಡೀ ಕಚೇರಿ ಅಳದೆ ಕೂರುತ್ತಾಳೆ. ಕಾಲಲ್ಲಿ ತಾಳ ಹಾಕುತ್ತಾಳೆ. ಜನ ಹಾಡುವವರನ್ನು ಬಿಟ್ಟು ಇವರಿಬ್ಬರ ಫೋಟೋ ತೆಗೆಯುತ್ತಾರೆ!

ಹೊಟ್ಟೆಕಿಚ್ಚು ತಡೆಯಲಾಗದೆ ಒಂದು ಸಂಜೆ ಬೀಗರಿಗೆ ಸುದ್ದಿ ಹತ್ತದಂತೆ ನಾನೊಬ್ಬನೇ ಪುಟ್ಟಿಯನ್ನು ದಾವಣಗೆರೆಯಲ್ಲೇ ಒಂದು ಹಿಂದೂಸ್ತಾನಿ ಕಚೇರಿಗೆ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಜುಬ್ಬ, ಮೂರನೆಯ ಸಾಲು, ತೊಡೆಯ ಮೇಲೆ ಮೊಮ್ಮಗಳು. ಫೋಟೋ ತೆಗೆಯುವವರಿಗೆ ಅನುಕೂಲವಾಗಲೆಂದು ಸ್ವಲ್ಪ ಓರೆಯಾಗಿಯೂ ಕೂತೆ. ಗಾಯಕರು ಆಲಾಪ ಶುರು ಮಾಡಿದರು. ಸಭೆ ಉಸಿರು ಬಿಗಿಹಿಡಿದಿತ್ತು. ಆಗ ಪುಟ್ಟಿ ಕೇಳಿದಳು: "ಡುಂ ಎಲ್ಲಿ?"

"ಬರ್ತೈತೆ ಕೂಸೇ, ಸುಮ್ನಿರು."

ಡುಂ ಬರಲಿಲ್ಲ. ಆಲಾಪ ಮುಗಿಯದೆ ತಬಲ ಶುರುವಾಗುವುದಿಲ್ಲ, ಆಲಾಪ ಮುಗಿಯುವುದಕ್ಕೆ ಅದೇನು ಅವಸರವೇ? ಪುಟ್ಟಿ ಬಾಯಿ ತೆಗೆದಳು. ಗಾಯಕರು ಮೇಲಿನ ಷಡ್ಜಕ್ಕೆ ಹೋದರೆ ಅವಳು ಅದಕ್ಕೂ ಮೇಲೆ ಹೋದಳು. ಸಂಘಟಕರು ಬಂದು ಕೈಮುಗಿದು, "ಅಜ್ಜಾರೇ, ಸ್ವಲ್ಪ ಹೊರಗೆ ಕರ್ಕೊಂಡು ಹೋಗ್ರಿ" ಅಂದರು. ಇಡೀ ಕಚೇರಿಯನ್ನು ನಾನು ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಕೇಳಿದೆ. ಪುಟ್ಟಿ ಅಲ್ಲಿ ಬಹಳ ಖುಷಿಯಾಗಿ, ಇದ್ದಬದ್ದ ಚಪ್ಪಲಿಗಳ ಜೋಡಿ ಕೆಡಿಸಿ ಹೊಸ ಜೋಡಿ ಮಾಡುತ್ತಿದ್ದಳು. ಕಚೇರಿ ಮುಗಿದು ರಸಿಕರೆಲ್ಲ ಹೊರಗೆ ಬಂದಾಗ ನನ್ನನ್ನು ನೋಡಿದ ಆ ನೋಟ ಇವತ್ತಿಗೂ ಮರೆತಿಲ್ಲ.

ಮನೆಗೆ ಬಂದಾಗ ಹೆಂಡತಿ ಒಂದೇ ಮಾತು ಕೇಳಿದಳು. "ಯಾಕ್ರಿ ಬೇಕಿತ್ತು ಇದು? ಹೊಟ್ಟೆ ಅಷ್ಟು ಉರೀತಿದ್ರೆ ಮಜ್ಜಿಗೆ ಕುಡೀರಿ." ಕುಡಿದೆ. ಏನೂ ಪ್ರಯೋಜನವಾಗಲಿಲ್ಲ.

ಹೋದ ತಿಂಗಳು ಹರಿಹರದಲ್ಲಿ, ಹೊಳೆಗೆ ಹತ್ತಿರದ ಒಂದು ಗುಡಿಯ ಅಂಗಳದಲ್ಲಿ ಸಂಜೆ ಹಾಡುಗಾರಿಕೆಯಿತ್ತು. ಎರಡೂ ಮನೆಯವರು ಹೋದೆವು. ಬೀಗರು ಮಾಮೂಲಿನಂತೆ ಸ್ಪೀಕರ್ ಡಬ್ಬಿಯ ಪಕ್ಕ ಕುರ್ಚಿ ಎಳೆದುಕೊಂಡರು. ಪುಟ್ಟಿಯಿಂದ ದೂರ ಕೂರುವ ಮನಸ್ಸಾಗದೆ ನಾನೂ ರಸಿಕತನ ಬದಿಗಿಟ್ಟು ಅವರ ಪಕ್ಕ ಕೂತೆ. ಹೆಂಗಸರು ಹಿಂದೆ ಕೂತಿದ್ದರು. ಮಗಳು ಅಳಿಯ ಹೊಳೆಯ ಕಡೆ ಗಾಳಿಗೆ ಹೋಗಿದ್ದರು. ಪುಟ್ಟಿ ಮಧ್ಯಾಹ್ನ ಮಲಗದೆ ಕುಣಿದಾಡಿದ್ದಳು. ಎರಡು ಹಾಡಾಗುವಷ್ಟರಲ್ಲಿ ಅವರ ತೊಡೆಯ ಮೇಲೆಯೇ ನಿದ್ದೆ ಹೋದಳು. ಅದೇ ಹೊತ್ತಿಗೆ ಕರೆಂಟೂ ಹೋಯಿತು.

ಇನ್ನೂ ಬೆಳಕಿತ್ತು. ಗಾಯಕರು ಪುಣ್ಯಾತ್ಮರು, ನಿಲ್ಲಿಸಲಿಲ್ಲ. ಮೈಕಿಲ್ಲದೆ, ಬರಿಯ ಕಂಠದಲ್ಲಿ, ತಬಲದ ಸಣ್ಣ ಸದ್ದಿನ ಜತೆ ಹಾಡುತ್ತ ಹೋದರು. ಅಂಗಳ ಗಪ್ಪಾಯಿತು. ಅಂಥ ಹಾಡು ನಾನು ಕೇಳಿ ಎಷ್ಟು ಕಾಲವಾಗಿತ್ತೋ! ಬೀಗರು ನನ್ನ ಕಡೆ ವಾಲಿದರು. ಅವರ ಗಿರಣಿ ಗಂಟಲು ಅಷ್ಟು ಮೆಲ್ಲಗಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಬೀಗರೇ, ಈಗ ಹೆಂಗೆ ಹಾಡ್ತಾ ಅದಾರ್ರಿ?"

ಗಾಯಕರು ನಮ್ಮೆದುರಿಗೇ ಕೂತು ಹಾಡುತ್ತಿದ್ದಾರೆ! ಇದೇನು ಚೇಷ್ಟೆ ಎಂದು ಸಿಟ್ಟು ಬಂತು. "ಯಾಕ, ನಿಮಗೆ ಕಿವಿ ಇಲ್ವೇನ್ರಿ?" ಎಂದು ವೇದಿಕೆಯ ಕಡೆ ನೋಡುತ್ತಲೇ ಗದರಿದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಬೀಗರು ನನ್ನ ಮುಖ ಯಾವಾಗ ತಿರುಗೀತೆಂದು ಕಾಯುತ್ತಿದ್ದರು. ಒಂದು ಕೈ ಸತ್ತುಹೋದ ಡಬ್ಬಿಯ ಮೇಲಿತ್ತು. ಇನ್ನೊಂದು ಕೈಯಲ್ಲಿ ಪುಟ್ಟಿಯ ಪಾದ ಹಿಡಿದಿದ್ದರು.

"ಕೂಸು ಮಲಗೇತೆ, ಡಬ್ಬಿ ಬಂದ್ ಆಗೇತೆ" ಅಂದರು. "ಈಗ ನನಗೆ ಏನೂ ಗೊತ್ತಾಗಲ್ರಿ."

ಅವರೇ ಹೇಳಿದರು. "ಗಿರಣಿ ತಿಂದುಬಿಡ್ತ್ರಿ ಕಿವಿನ. ಬಾಳ ವರ್ಷ ಆತು. ಡಬ್ಬಿ ಹತ್ರ ಕುಂತ್ರೆ ಎದ್ಯಾಗ ಸ್ವಲ್ಪ ತಿಳೀತೈತೆ. ಉಳಿದಿದ್ದು ಇವಳ ಕಾಲು ಹೇಳ್ತೈತೆ. ಕಾಲು ಕುಣಿದ್ರೆ ಹಾಡು ಚಲೋ ಐತೆ ಅಂತ. ಅಷ್ಟು ಸಾಕ್ರಿ ನನಗೆ."

"ಯಾರಿಗೆ ಗೊತ್ತು ಇದು?" ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಕೇಳಿದೆ.

"ಮನೆಯಾಕೆಗೆ ಗೊತ್ತು. ಮಗ, ಅಪ್ಪ ಇರೋದೇ ಹಂಗೆ ಅಂದ್ಕೊಂಡಾನೆ. ಕಿವಿ ಮಷಿನ್ ಟ್ರಂಕಿನಾಗ ಐತೆ. ಹಾಕ್ಕೊಂಡ್ರೆ ಎಲ್ಲರಿಗೂ ಗೊತ್ತಾಗಿಬಿಡ್ತೈತಲ್ರಿ. ನಿಮ್ಮ ಮಗಳಿಗೆ ಮಾತ್ರ ಹೇಳಬ್ಯಾಡ್ರಿ ಬೀಗರೇ, ಕೈ ಮುಗಿತೀನಿ. ಕಿವಿ ಇಲ್ದವನ ಕೈಗೆ ಯಾರು ಕೂಸು ಕೊಡ್ತಾರ್ರಿ?"

ಫೋನು, ಪೇಪರು, ಇಂಜಿನ್ನಿನ ಒತ್ತಿನ ಜಾಗ, ಬಲೂನಿನವನಿಗೆ ಬಿದ್ದ ಶಭಾಷ್, ಎಲ್ಲ ಒಮ್ಮೆಲೇ ತಲೆಯಲ್ಲಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು. ಬರಲಿಲ್ಲವೆಂದು ಸುಳ್ಳು ಯಾಕೆ ಹೇಳಲಿ? ಮಗಳ ಕಿವಿಗೆ ಒಂದೇ ಮಾತು ಹಾಕಿದರೆ ಸಾಕು. ರಸ್ತೆಯಲ್ಲಿ ಹಾರನ್ ಕೇಳದವರ ಜತೆ ಅವಳು ಪುಟ್ಟಿಯನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಡುಂ ಅಜ್ಜ ಬರಿಯ ಬೀಗರಾಗುತ್ತಾರೆ. ಪುಟ್ಟಿ ನನ್ನವಳು! ಒಂದು ಗಳಿಗೆ ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಆಮೇಲೆ ಅವರ ಕೈ ನೋಡಿದೆ. ನಿದ್ದೆಯಲ್ಲಿದ್ದ ಆ ಪಾದವನ್ನು ಮೆಲ್ಲಗೆ ಅಲುಗಿಸುತ್ತಿದ್ದರು. ಅದು ಅಲುಗಾಡಲಿಲ್ಲ. ಎಬ್ಬಿಸುವುದಕ್ಕೆ ಮನಸ್ಸು ಬಾರದೆ ಕೈ ಸುಮ್ಮನಾಯಿತು. ಮತ್ತೆ ವೇದಿಕೆಯತ್ತ ತಿರುಗಿ, ಹಾಡುವವರ ಬಾಯಿಯನ್ನೇ ನೋಡುತ್ತ ಕೂತರು.

ಅವರ ಭುಜ ಮುಟ್ಟಿ ನನ್ನ ಕಡೆ ತಿರುಗಿಸಿಕೊಂಡೆ. "ಹೇಳಲ್ರಿ. ಆದ್ರೆ ಇನ್ಮೇಲೆ ನೀವಿಬ್ರೇ ಎಲ್ಲಿಗೂ ಹೋಗಂಗಿಲ್ಲ. ನಾನೂ ಬರ್ತೀನಿ."

"ಬಸ್ಸಿನಾಗೂ?"

"ಇಂಜಿನ್ ಪಕ್ಕನೂ ಕೂಡ್ತೀನಿ."

ಬೀಗರು ಕಣ್ಣೊರೆಸಿಕೊಂಡು ನಕ್ಕರು. ಅಂದಿನಿಂದ ಅವರು ಪುಟ್ಟಿಯನ್ನು ಎತ್ತಿಕೊಂಡರೆ ನಾನು ಚಪ್ಪಲಿ ಮೆಟ್ಟುತ್ತೇನೆ. "ಅವರಿಬ್ರನ್ನ ಒಂದು ದಿನ ಬಿಟ್ಟಿರಕ್ಕೆ ಆಗಲ್ವೇನ್ರಿ? ಎಷ್ಟು ಹೊಟ್ಟೆಕಿಚ್ಚು ನಿಮಗೆ!" ಎಂದು ಹೆಂಡತಿ ಬೈಯುತ್ತಾಳೆ. ಬೈಯಲಿ. ಪೂರ್ತಿ ಸುಳ್ಳೇನೂ ಅಲ್ಲವಲ್ಲ! ಮಗಳಿಗೆ ತಿಳಿದುಬಿಡುತ್ತದೆಂಬ ಭಯವೂ ಇಲ್ಲ. ಅಪ್ಪ ಬರೆದದ್ದನ್ನು ಅವಳು ಇದುವರೆಗೆ ಓದಿದವಳಲ್ಲ.

ಆ ಸಂಜೆಯ ಮಾತಿಗೆ ಬರುತ್ತೇನೆ. ಕರೆಂಟು ಬಂದೇ ಇರಲಿಲ್ಲ. ತಬಲದವರು ಠೇಕಾ ಹಿಡಿದರು, ಹಾಡು ಮೆಲ್ಲಗೆ ಏರತೊಡಗಿತು. ನಾನು ಕೈ ಚಾಚಿ ಬೀಗರ ತೊಡೆಯ ಮೇಲಿಟ್ಟು, ಬೆರಳಿನಲ್ಲಲ್ಲ, ಇಡೀ ಅಂಗೈಯಲ್ಲಿ ತಾಳ ಹಾಕಿದೆ. ತಾಳದ ಆವರ್ತ ಮುಗಿದು ಮೊದಲ ಪೆಟ್ಟಿಗೆ, ಅಂದರೆ ಸಮಕ್ಕೆ, ಬಂದಾಗ ಜೋರಾಗಿ ತಟ್ಟಿದೆ. ಬೀಗರು ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ತಲೆ ತೂಗತೊಡಗಿತು. ಮುಂದಿನ ಸಮಕ್ಕೆ ಸರಿಯಾಗಿ, "ವ್ಹಾ!" ಅಂದರು. ಗಾಯಕರು ಕಣ್ಣು ತೆರೆದು ಅವರಿಗೆ ಕೈಮುಗಿದರು.

ಆ "ವ್ಹಾ"ಗೆ ಪುಟ್ಟಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ತನ್ನ ಜಾಗದಲ್ಲಿ ತಾಳ ಹಾಕುತ್ತಿದ್ದ ನನ್ನ ಕೈ ನೋಡಿದಳು. ಮುಖ ಗಂಟಿಕ್ಕಿದಳು. ಪುಟ್ಟ ಕೈಗಳೆರಡರಿಂದಲೂ ಅದನ್ನು ಆಚೆ ನೂಕುತ್ತ, ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿದಳು:

"ಅಜ್ಜ! ಬ್ಯಾಡ!"

ಕೇಳಿದಿರಾ? ಅಜ್ಜ ಅಂದಳು! ನನಗೇ ಅಂದಳು! ಆದರೂ ನಾನು ಕೈ ತೆಗೆಯಲಿಲ್ಲ. ನೂಕಿ ನೂಕಿ ಸಾಕಾಗಿ ಅವಳು ಕೊನೆಗೆ ನನ್ನ ಕೈಯ ಮೇಲೆಯೇ ತಾಳ ಬಡಿಯತೊಡಗಿದಳು. ನನ್ನ ಕೈ ಬೀಗರ ತೊಡೆಯ ಮೇಲೆಯೇ ಇತ್ತು.